ಬಣ್ಣ ಆಡಿದ ಕೇಕು

ನನ್ನ ಮಗಳ ಹುಟ್ಟಿದ ದಿನ ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹಿಂದೆ ಮುಂದೆ ಬೀಳುತ್ತದೆ. ಬಾಗಲಕೋಟೆಯಲ್ಲಿ ಆ ವಾರ ಕೇಕ್ ತರಲು ಪೇಟೆಗೆ ಹೊರಡುವುದೆಂದರೆ ಹಾಕಿಕೊಂಡ ಅಂಗಿಯ ಆಸೆ ಬಿಟ್ಟಂತೆಯೇ. ಹಳೇ ಊರಿನ ತುಂಬ ಹಲಗಿ ಸಪ್ಪಳ, ಒಂದೊಂದು ಪೇಟೆಯವರ ಸರದಿ, ಬ್ಯಾರಲ್‌ಗಟ್ಟಲೆ ಬಣ್ಣ ಹೊತ್ತ ಬಂಡಿಗಳು. ಆರು ತುಂಬುವ ವರ್ಷ ಮಗಳು ಅದನ್ನೆಲ್ಲ ಮಾಳಿಗೆ ಮೇಲಿಂದ ನೋಡಿ ಇಳಿದು ಬಂದು, "ಯಪ್ಪಾ, ನನಗ ಬಣ್ಣ ಆಡಿದ ಕೇಕ್ ಬೇಕು" ಅಂದಳು. ಹೂವು ಗೊಂಬೆ ಇದ್ದದ್ದು ಬೇಡವಂತೆ. ಬಂಡಿ ಎದುರು ನಿಂತು ತೊಯ್ದು ಬಂದಂಥ ಕೇಕು ಬೇಕಂತೆ.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಕಡಿಮೆಯಾಯಿತು. ಈಗ ಶಾಲೆ ಗೋಡೆ, ಲಾರಿಯ ಹಿಂಭಾಗ, ಗುಡಿಯ ಕಟ್ಟೆ ಮೇಲೆ ದಾನಿಗಳ ಹೆಸರು. ಬಣ್ಣದ ಕೆಲಸ ತಾನೇ ಅಂತ ಧೈರ್ಯ ಮಾಡಿ ಆ ವರ್ಷ ಕೈ ಹಾಕಿದೆ. ಆರು ಬಣ್ಣ ಕಲಸಿ ಕೇಕಿನ ಮೇಲೆ ಸುರಿದು ಚಮಚೆಯಿಂದ ತಿರುವಿದೆ. ಹತ್ತು ನಿಮಿಷಕ್ಕೆ ಅದು ಮೂರು ದಿನ ಬಣ್ಣ ಆಡಿದವನ ಬನಿಯನ್ನಿನ ಬಣ್ಣಕ್ಕೆ ತಿರುಗಿತು. ಮಗಳು ಅಳಲಿಲ್ಲ, ಸುಮ್ಮನೆ ನೋಡಿದಳು. ಅದು ಇನ್ನೂ ಕೆಟ್ಟದ್ದು.

ಗಲೀಜು ಕಾಣುವ ಕೇಕನ್ನು ಗಲೀಜಾಗಿ ಮಾಡಲು ಬರುವುದಿಲ್ಲ ಅನ್ನುವುದು ಆವತ್ತು ತಲೆಗೆ ಹೋಯಿತು. ಕೆಳಗಿನ ಬಿಳಿ ಚೊಕ್ಕ ಇರಬೇಕು, ತಣ್ಣಗಿರಬೇಕು, ಬಣ್ಣಗಳು ಒಂದರ ಪಕ್ಕ ಒಂದು ಕೂರಬೇಕೇ ಹೊರತು ಒಂದರೊಳಗೊಂದು ಹೋಗಬಾರದು. ಮೂರು ವರ್ಷ ಕೆಡಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓವನ್ ಇಲ್ಲದಿದ್ದರೂ ನಡೆಯುತ್ತದೆ, ಕೈಯಲ್ಲಿ ಕಲೆ ಇಲ್ಲದಿದ್ದರೂ ನಡೆಯುತ್ತದೆ. ಫ್ರಿಜ್ ಮಾತ್ರ ಬೇಕೇ ಬೇಕು.

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಹಿಂದಿನ ರಾತ್ರಿ ಕೇಕ್ ಸುಡುವುದು, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಬಿಳಿ ಕ್ರೀಮ್ ಹಚ್ಚುವುದು, ಸಂಜೆ ಬಣ್ಣ. ಒಂದೇ ದಿನಕ್ಕೆ ಮುಗಿಸುತ್ತೇನೆ ಅಂದವರು ಬಿಸಿ ಕೇಕಿನ ಮೇಲೆ ಕ್ರೀಮ್ ಹಚ್ಚಿ ಪಾಯಸ ಮಾಡಿಕೊಳ್ಳುತ್ತಾರೆ.

ಈಗ ಕೇಕು. ನಮ್ಮ ಒಲೆ ಮೇಲೆ ತತ್ತಿ ಏರುವುದಿಲ್ಲ, ಅವ್ವನ ಕಟ್ಟಳೆ. ಹಾಗಾಗಿ ಮೊಸರಿನ ಕೇಕು. ಒಂದೂವರೆ ಕಪ್ ಮೈದಾ, ಅಂದರೆ ಸುಮಾರು 190 ಗ್ರಾಂ. ಒಂದು ಕಪ್ ಗಟ್ಟಿ ಮೊಸರು. ಮುಕ್ಕಾಲು ಕಪ್ ಸಕ್ಕರೆ, 150 ಗ್ರಾಂ. ಅರ್ಧ ಕಪ್ ಎಣ್ಣೆ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್. ಕಪ್ ಅಂದರೆ 240 ಮಿಲಿಲೀಟರಿನದು. ಚಹಾ ಕುಡಿಯುವ ಕಪ್ಪಿನಲ್ಲಿ ಅಳೆಯಬೇಡಿ. ಎಣ್ಣೆ ಸೂರ್ಯಕಾಂತಿಯದೇ ಇರಲಿ. ಒಂದು ಸಲ ಮನೆಯಲ್ಲಿದ್ದ ಶೇಂಗಾ ಎಣ್ಣೆ ಹಾಕಿದೆ, ಕೇಕು ಬಾಯಿಗಿಟ್ಟರೆ ಮಿರ್ಚಿ ಭಜಿ ಅಂಗಡಿ ಮುಂದೆ ನಿಂತಂತಾಯಿತು.

ಮೊಸರಿಗೆ ಸಕ್ಕರೆ ಹಾಕಿ ಕರಗುವವರೆಗೆ ಕಡೆಯಿರಿ. ಅದಕ್ಕೆ ಸೋಡಾ, ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಬಿಡಿ. ಮೊಸರಿನ ಹುಳಿಗೆ ಸೋಡಾ ಸಿಕ್ಕಿ ಗುಳ್ಳೆ ಏಳುತ್ತದೆ. ತತ್ತಿ ಮಾಡಬೇಕಾದ ಕೆಲಸವನ್ನು ಈ ಗುಳ್ಳೆಯೇ ಮಾಡುವುದು. ಗುಳ್ಳೆ ಬರಲಿಲ್ಲವೆಂದರೆ ನಿಮ್ಮ ಸೋಡಾ ಹಳೆಯದು, ಮುಂದೆ ಹೋಗಬೇಡಿ. ಆಮೇಲೆ ಎಣ್ಣೆ, ವೆನಿಲ್ಲಾ. ಮೈದಾವನ್ನು ಎರಡು ಸಲ ಸಾಣಿಸಿ, ಮೂರು ಕಂತಿನಲ್ಲಿ ಹಾಕಿ ಮೆಲ್ಲಗೆ ಕಲಸಿ. ಹಿಟ್ಟು ಇಡ್ಲಿ ಹಿಟ್ಟಿನಷ್ಟು ದಪ್ಪಗಿರಬೇಕು. ಮೈದಾ ಹಾಕಿದ ಮೇಲೆ ರಭಸದಿಂದ ತಿರುವಿದರೆ ಕೇಕು ಜಿಗುಟಾಗುತ್ತದೆ.

ಒಳಗೂ ಬಣ್ಣ ಬೇಕೆಂದರೆ ಹಿಟ್ಟನ್ನು ಮೂರು ಬೋಗುಣಿಗೆ ಹಂಚಿ, ಒಂದಕ್ಕೆ ಹಳದಿ, ಒಂದಕ್ಕೆ ಗುಲಾಬಿ, ಒಂದಕ್ಕೆ ನೀಲಿ. ಏಳು ಇಂಚಿನ ಡಬ್ಬಕ್ಕೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಸಿ, ಮೂರೂ ಹಿಟ್ಟನ್ನು ಅಲ್ಲೊಂದು ಚಮಚೆ ಇಲ್ಲೊಂದು ಚಮಚೆ ಹಾಕುತ್ತ ಹೋಗಿ. ಇಲ್ಲಿ ಕೈ ತಡೆದುಕೊಳ್ಳಬೇಕು. ಚಾಕು ತೂರಿಸಿ ಚಿತ್ತಾರ ಬಿಡಿಸಲು ಮನಸ್ಸಾಗುತ್ತದೆ, ಬಿಡಿಸಬೇಡಿ. ಡಬ್ಬವನ್ನು ಕಟ್ಟೆಗೆ ಎರಡು ಸಲ ಕುಟ್ಟಿ, ಹಿಟ್ಟು ತಾನೇ ಸಮ ಆಗುತ್ತದೆ.

ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್ಟೂ ಸೀಟಿಯೂ ಎರಡನ್ನೂ ತೆಗೆದಿಡಿ. ತಳಕ್ಕೆ ಒಂದೂವರೆ ಕಪ್ ಹರಳುಪ್ಪು, ಅದರ ಮೇಲೆ ಒಂದು ಸ್ಟ್ಯಾಂಡ್, ಮುಚ್ಚಳ ಮುಚ್ಚಿ ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಡಬ್ಬ ಇಟ್ಟ ಮೇಲೆ ಸಣ್ಣ ಉರಿ, 40ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ನೋಡಿದರೆ ನಡುವೆ ಕುಸಿಯುತ್ತದೆ. ಓವನ್ ಇದ್ದವರಿಗೆ 180 ಡಿಗ್ರಿ, 30ರಿಂದ 35 ನಿಮಿಷ. ಚಾಕು ಚುಚ್ಚಿ ತೆಗೆದರೆ ಹಸಿ ಹಿಟ್ಟು ಅಂಟಿರಬಾರದು. ಪೂರ್ತಿ ಆರಿದ ಮೇಲೆ ಡಬ್ಬದಿಂದ ಬಿಡಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿ ಫ್ರಿಜ್ಜಿನಲ್ಲಿಡಿ. ತಣ್ಣಗಾದ ಕೇಕು ಕತ್ತರಿಸಲು ಚೂರೂ ಉದುರುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದೆ. ಇಲ್ಲಿ ಸ್ವಲ್ಪ ಉದ್ದ ಮಾತಾಡುತ್ತೇನೆ, ನನ್ನ ಕಸುಬು ಇದು.

ಮೊದಲನೆಯದು ತಮಾಷೆಯಲ್ಲ: ಆಡುವ ಬಣ್ಣ ತಿನ್ನುವ ಬಣ್ಣ ಅಲ್ಲ. ಎರಡನೇ ವರ್ಷ ನನ್ನ ತಂಗಿಯ ಮಗ ಮುಷ್ಟಿ ತುಂಬ ಗುಲಾಲು ಹಿಡಿದು, "ಮಾಮಾ, ಇದನ್ನೂ ಉಗ್ಗೂಣೇನು?" ಅಂತ ಕೇಕಿನ ಹತ್ತಿರ ಬಂದಿದ್ದ. ಕೈ ಹಿಡಿದು ಆಚೆ ಒಯ್ದೆ. ಕಣ್ಣು ಕುಕ್ಕುವ ಆ ಗುಲಾಬಿ ಬರುವುದು ಬಟ್ಟೆಗೆ ಹಾಕುವಂಥ ಬಣ್ಣದಿಂದ. ರೋಡಮೈನ್-ಬಿ ಅನ್ನುವ ಅಂಥದೊಂದು ಬಣ್ಣವನ್ನು ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಹಾಕುತ್ತಿದ್ದಾರೆಂದು 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ನಿಷೇಧಿಸಿತು. ಬಿಡಿಯಾಗಿ ಪೊಟ್ಟಣ ಕಟ್ಟಿಕೊಡುವ ಬಣ್ಣದ ಪುಡಿ ತರಬೇಡಿ. ಸೀಲ್ ಇರುವ ಡಬ್ಬಿ, ಮೇಲೆ ಎಫ್‌ಎಸ್‌ಎಸ್‌ಎಐ ನಂಬರು, ಒಳಗೆ ಏನಿದೆ ಅನ್ನುವ ಪಟ್ಟಿ, ಈ ಮೂರೂ ಇದ್ದರೆ ಮಾತ್ರ.

ಎರಡನೆಯದು, ನೀರಿನಂಥ ಬಣ್ಣ ಬೇಡ, ಜೆಲ್ ಬಣ್ಣ ತಗೊಳ್ಳಿ. ನೀರು ಬಣ್ಣ ಕಡು ಆಗುವಷ್ಟು ಹಾಕುವ ಹೊತ್ತಿಗೆ ಕ್ರೀಮ್ ಅಂಬಲಿ ಆಗಿರುತ್ತದೆ. ಜೆಲ್ ಆದರೆ ಹಲ್ಲುಕಡ್ಡಿಯ ತುದಿಗೆ ಅಂಟಿದಷ್ಟೇ ಸಾಕು. ಹಾಕಿ ಕಲಸಿ ಇಪ್ಪತ್ತು ನಿಮಿಷ ಬಿಡಿ. ಹೊತ್ತು ಕಳೆದಂತೆ ಬಣ್ಣ ತಾನೇ ಏರುತ್ತದೆ. ಕಡು ಕೆಂಪಿನ ಆಸೆ ಬಿಡಿ. ಅದು ಬರಲು ಹಾಕಬೇಕಾದ ಬಣ್ಣಕ್ಕೆ ಕ್ರೀಮು ಕಹಿ ಆಗುತ್ತದೆ. ಗುಲಾಬಿಯಲ್ಲೇ ನಿಲ್ಲಿಸಿ.

ಅಂಗಡಿ ಬಣ್ಣವೇ ಬೇಡ ಅನ್ನುವವರಿಗೆ ನನ್ನ ಅನುಭವ ಕೇಳಿ. ಅವ್ವನ ಮಾತಿಗೆ ಹಿಟ್ಟಿಗೆ ಅರಿಶಿನ ಹಾಕಿದೆ, ಬಂಗಾರದ ಬಣ್ಣ ಬರುತ್ತದೆಂದು. ಸೋಡಾ ಇದ್ದ ಹಿಟ್ಟು, ಕೆಂಪಗೆ ಕಂದಗೆ ತಿರುಗಿಬಿಟ್ಟಿತು. ಅರಿಶಿನಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದನ್ನು ಜೀವಮಾನವಿಡೀ ನೋಡಿದ ಮುದುಕಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಬೀಟ್‌ರೂಟ್ ರಸವೂ ಅಷ್ಟೇ, ಹಿಟ್ಟಿನ ಜೊತೆ ಸುಟ್ಟರೆ ಮಂಕಾಗುತ್ತದೆ. ಇವೆರಡನ್ನೂ ಸುಡುವ ಹಿಟ್ಟಿಗೆ ಹಾಕದೆ ತಣ್ಣನೆಯ ಕ್ರೀಮಿಗೆ ಹಾಕಿ. ಬೀಟ್‌ರೂಟ್ ರಸವನ್ನು ಒಲೆ ಮೇಲೆ ಕಾಲು ಭಾಗಕ್ಕೆ ಇಳಿಸಿ ಆರಿಸಿದರೆ ತಿಳಿ ಗುಲಾಬಿಯಂತೂ ಖಂಡಿತ ಬರುತ್ತದೆ. ಕಂಪೌಂಡಿಗೆ ಹಬ್ಬಿದ ಶಂಖಪುಷ್ಪ ಇದ್ದರೆ ಹತ್ತು ಹೂವನ್ನು ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ, ಒಳ್ಳೆ ನೀಲಿ. ಅದಕ್ಕೆ ಎರಡು ಹನಿ ಲಿಂಬೆರಸ ಬಿದ್ದರೆ ಕಣ್ಣೆದುರೇ ನೇರಳೆ ಆಗುತ್ತದೆ. ಮಕ್ಕಳನ್ನು ಕರೆದು ತೋರಿಸಿ, ಕೇಕಿಗಿಂತ ಅದನ್ನೇ ಹೆಚ್ಚು ನೋಡುತ್ತಾರೆ.

ಕ್ರೀಮಿನ ಕಥೆ ಬೇರೆ. ಮೊದಲ ವರ್ಷ ಮನೆ ಹಾಲಿನ ಕೆನೆ ಕೂಡಿಟ್ಟು ಬೀಟರ್ ಹಾಕಿದೆ. ನಡುವೆ ಕರೆಂಟ್ ಹೋಯಿತು, ಬಿಡಬಾರದೆಂದು ಕಡಗೋಲಿನಿಂದ ಕಡೆದೆ. ಅವ್ವ ಬಂದು ಬೋಗುಣಿಯೊಳಗೆ ಇಣುಕಿ, "ಬೆಣ್ಣಿ ಚಲೋ ಬಂದೈತಿ ಬಿಡೋ, ಇನ್ನ ಮಜ್ಜಿಗಿ ಬಸಿ" ಅಂದಳು. ಪೊಟ್ಟಣದಲ್ಲಿ ಸಿಗುವ 25 ಶೇಕಡಾ ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ನಿಲ್ಲುವುದಿಲ್ಲ, ಅದು ಪನೀರ್ ಪಲ್ಯಕ್ಕೆ ಸರಿ. ಕೇಕಿನ ಸಾಮಾನು ಮಾರುವ ಅಂಗಡಿಯಲ್ಲಿ ನಾನ್-ಡೇರಿ ವಿಪ್ಪಿಂಗ್ ಕ್ರೀಮ್ ಅಂತ ಕೇಳಿ. ವನಸ್ಪತಿ ಕೊಬ್ಬಿನದು, ರುಚಿಯಲ್ಲಿ ಹಾಲಿನ ಕ್ರೀಮಿಗೆ ಸಮ ಅಲ್ಲ, ಆದರೆ ನಮ್ಮ ಮಾರ್ಚ್ ತಿಂಗಳ ಬಿಸಿಲಿಗೆ ಎದೆ ಕೊಡುವುದು ಅದೇ. ಬೆಣ್ಣೆಯ ಕ್ರೀಮನ್ನು ನಾನು ಶಿಫಾರಸು ಮಾಡುವುದಿಲ್ಲ. ಬೆಣ್ಣೆ ಕರಗಲು 35 ಡಿಗ್ರಿಯೊಳಗೇ ಸಾಕು, ಮಧ್ಯಾಹ್ನ ನಮ್ಮ ಅಡುಗೆಮನೆ ಅದಕ್ಕಿಂತ ಕಾದಿರುತ್ತದೆ.

ಕ್ರೀಮ್ ಕಲ್ಲಿನಂತೆ ಹೆಪ್ಪುಗಟ್ಟಿ ಬರುತ್ತದೆ. ಮನೆಗೆ ತಂದು ಫ್ರೀಜರ್‌ಗೆ ಹಾಕಿ, ಹಿಂದಿನ ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಬೆಳಿಗ್ಗೆ ಅಲುಗಾಡಿಸಿದರೆ ಒಳಗೆ ಇನ್ನೂ ಸ್ವಲ್ಪ ಐಸಿನ ಚೂರು ಇರಬೇಕು. ಈ ಕೇಕಿಗೆ 300 ಮಿಲಿಲೀಟರು ಸಾಕು, ಕಡೆದಾಗ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಬೋಗುಣಿಯನ್ನೂ ಬೀಟರ್ ಕಡ್ಡಿಗಳನ್ನೂ ಕಾಲು ಗಂಟೆ ಫ್ರೀಜರಿನಲ್ಲಿಡಿ. ದೊಡ್ಡ ಗಂಗಾಳದಲ್ಲಿ ಐಸು, ಮೇಲೊಂದು ಮುಷ್ಟಿ ಉಪ್ಪು, ಅದರಲ್ಲಿ ಬೋಗುಣಿ ಕೂರಿಸಿ. ಎರಡು ಚಮಚ ಕ್ರೀಮನ್ನು ಕಡೆಯದೆ ಬೇರೆ ತೆಗೆದಿಡಿ, ಮರೆಯಬೇಡಿ. ಮೊದಲು ನಿಧಾನ, ಆಮೇಲೆ ನಡು ವೇಗ. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಗಿಳಿಯ ಕೊಕ್ಕಿನಂತೆ ತುಸು ಬಾಗಿ ನಿಂತರೆ ಅಲ್ಲಿಗೆ ಬಂದ್. ಇನ್ನೂ ಒಂದು ನಿಮಿಷ ಅಂತ ಓಡಿಸಿದರೆ ರವೆ ರವೆ ಆಗುತ್ತದೆ. ಆಗ ತೆಗೆದಿಟ್ಟ ಎರಡು ಚಮಚ ಹಾಕಿ ಸೌಟಿನಿಂದ ಮೆಲ್ಲಗೆ ಮಡಚಿದರೆ ಬಹುಪಾಲು ಸರಿಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಕ್ಕರೆ ಮೊದಲೇ ಇರುತ್ತದೆ, ಮತ್ತೆ ಹಾಕುವ ಮೊದಲು ನೆಕ್ಕಿ ನೋಡಿ.

ಕೇಕಿನ ಮೇಲಿನ ಉಬ್ಬು ಕತ್ತರಿಸಿ, ಅಡ್ಡಲಾಗಿ ಎರಡು ಹೋಳು ಮಾಡಿ. ಪ್ರತಿ ಹೋಳಿಗೂ ಎರಡು ಚಮಚ ಸಕ್ಕರೆ ನೀರು ಚಿಮುಕಿಸಿ, ನಡುವೆ ಕ್ರೀಮ್ ಹಚ್ಚಿ. ನಾನು ಅದರ ಮೇಲೆ ಅಮೀನಗಡದ ಕರದಂಟನ್ನು ಚೂರು ಮಾಡಿ ಉದುರಿಸುತ್ತೇನೆ. ಅಂಟೂ ಗೋಡಂಬಿಯೂ ಹಲ್ಲಿಗೆ ಸಿಕ್ಕಾಗ ಮೈದಾದ ಸಪ್ಪೆತನ ಹೋಗುತ್ತದೆ.

ಇನ್ನು ಪ್ರೈಮರ್. ಗೋಡೆಗೆ ಪ್ರೈಮರ್ ಹೊಡೆಯದೆ ನೇರ ಬಣ್ಣ ಎಳೆದರೆ ಸುಣ್ಣದ ಪುಡಿ ಬ್ರಶ್ಶಿಗೆ ಹತ್ತುತ್ತದೆ. ಕೇಕಿಗೂ ಅದೇ ನ್ಯಾಯ. ಮೊದಲು ತೀರ ತೆಳ್ಳಗೆ, ಒಳಗಿನ ಕೇಕು ಕಾಣುವಷ್ಟು ತೆಳ್ಳಗೆ, ಕ್ರೀಮ್ ಸವರಿ ಅರ್ಧ ಗಂಟೆ ಫ್ರಿಜ್ಜಿಗಿಡಿ. ಉದುರುವ ಚೂರೆಲ್ಲ ಆ ಪದರಕ್ಕೆ ಅಂಟಿ ನಿಲ್ಲುತ್ತವೆ. ಆಮೇಲೆ ಎರಡನೇ ಕೋಟು ದಪ್ಪಗೆ. ಇದು ಗಾಜಿನಂತೆ ಸಮ ಆಗಬೇಕೆಂದಿಲ್ಲ, ಬಿಳಿ ಇದ್ದರೆ ಸಾಕು. ಮತ್ತೆ ಫ್ರಿಜ್ಜಿಗೆ, ಸಂಜೆವರೆಗೆ. ಉಳಿದ ಕ್ರೀಮನ್ನು ನಾಲ್ಕು ಸಣ್ಣ ಬಟ್ಟಲಿಗೆ ಹಂಚಿ ಹಳದಿ, ಕೇಸರಿ, ಗುಲಾಬಿ, ನೀಲಿ ಮಾಡಿ, ಮುಚ್ಚಿ ಅವನ್ನೂ ಒಳಗಿಡಿ. ನಾಲ್ಕೇ. ಐದನೆಯದರಿಂದಲೇ ಕೇಕು ಕೆಡಲು ಶುರುವಾಗುವುದು.

ಸಂಜೆ ಬಿಸಿಲಿಳಿದ ಮೇಲೆ ಟೇಬಲ್ಲಿಗೆ, ಹಿಂದಿನ ಗೋಡೆಗೆ ಹಳೇ ಪೇಪರ್ ಅಂಟಿಸಿ. ಫ್ಯಾನ್ ಬಂದ್ ಮಾಡಿ. ಹಳದಿಯಿಂದ ಶುರು ಮಾಡಿ: ಚಮಚೆಯ ಬೆನ್ನಿಗೆ ಒಂದು ಉಂಡೆಯಷ್ಟು ಕ್ರೀಮ್ ತೆಗೆದುಕೊಂಡು ಕೇಕಿನ ಬದಿಗೆ ಒತ್ತಿ, ಒಂದೇ ಎಳೆತಕ್ಕೆ ಮೇಲಕ್ಕೆ ಎಳೆದು ಬಿಡಿ. ಬಾಲ ಬಂದರೆ ಬರಲಿ. ಚಮಚೆ ಒರೆಸಿ. ಅದರ ಪಕ್ಕ ಕೇಸರಿ, ಕೇಸರಿಯ ಪಕ್ಕ ಗುಲಾಬಿ. ಇವು ಮೂರೂ ಒಂದೇ ಮನೆಯವು, ಒಂದಕ್ಕೊಂದು ತಾಗಿದರೂ ಜಗಳ ಇಲ್ಲ. ನೀಲಿ ಮಾತ್ರ ಬೀಗರ ಕಡೆಯದು. ಅದಕ್ಕೂ ಕೇಸರಿಗೂ ನಡುವೆ ಎರಡು ಬೆರಳು ಬಿಳಿ ಬಿಡಿ, ಕೂಡಿದರೆ ಕೆಸರು. ಪ್ರತಿ ಸಲವೂ ಚಮಚೆ ಒರೆಸಿ. ಇಡೀ ಕೇಕಿನಲ್ಲಿ ಮೂರನೇ ಒಂದು ಭಾಗ ಬಿಳಿ ಉಳಿಯಲೇಬೇಕು. ಬೋರ್ಡಿನಲ್ಲಿ ಅಕ್ಷರದ ಸುತ್ತ ಜಾಗ ಬಿಡದಿದ್ದರೆ ಓದಲು ಬರುವುದಿಲ್ಲವಲ್ಲ, ಹಾಗೆ.

ಆಮೇಲೆ ಪಿಚಕಾರಿ. ಹೊಸ ಹಲ್ಲುಜ್ಜುವ ಬ್ರಶ್ ಬಿಸಿನೀರಲ್ಲಿ ತೊಳೆದು ಒಣಗಿಸಿ. ಕಡಲೆಕಾಳಿನಷ್ಟು ನೀಲಿ ಜೆಲ್ಲಿಗೆ ಅರ್ಧ ಚಮಚ ನೀರು ಕಲಸಿ, ಬ್ರಶ್ ಅದ್ದಿ, ಬಟ್ಟಲಿನ ಅಂಚಿಗೆ ಒಂದು ಸಲ ತಟ್ಟಿ ಹೆಚ್ಚಿನ ನೀರು ಇಳಿಸಿ. ಕೂದಲು ಮೇಲೆ ಮಾಡಿ ಕೇಕಿನಿಂದ ಒಂದು ಗೇಣು ದೂರ ಹಿಡಿಯಿರಿ. ಹೆಬ್ಬೆರಳನ್ನು ಕೂದಲ ಮೇಲೆ ನಿಮ್ಮ ಕಡೆಗೆ ಎಳೆದುಕೊಳ್ಳಿ. ಕೂದಲು ಬಾಗಿ ಚಿಮ್ಮಿ, ಹನಿ ಮುಂದಕ್ಕೆ ಹಾರುತ್ತದೆ. ಆಚೆಗೆ ತಳ್ಳಿದರೆ ಹನಿಯೆಲ್ಲ ನಿಮ್ಮ ಎದೆಗೆ. ಮೊದಲ ನಾಲ್ಕು ಎಳೆತ ಪೇಪರಿನ ಮೇಲೆ ಮಾಡಿ, ದಪ್ಪ ಹನಿ ಹೋಗಿ ಸಣ್ಣ ತುಂತುರು ಬಂದ ಮೇಲೆ ಕೇಕಿನತ್ತ ತಿರುಗಿ. ಸ್ಟೆನ್ಸಿಲ್ ಕೆಲಸದಲ್ಲಿ ಮಿಣುಕು ಬರಲು ನಾವು ಮಾಡುತ್ತಿದ್ದದ್ದು ಇದನ್ನೇ. ಮಕ್ಕಳಿಗೆ ಬಿಟ್ಟುಕೊಡಬೇಕಾದ ಕೆಲಸವೂ ಇದೇ. ನನ್ನ ಮಗಳು ಹಾರಿಸಿದ ಒಂದು ಹನಿ ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಯ ಮೇಲೆ ಕೂತಿತ್ತು.

ಸುರಿದ ಬಣ್ಣ ಬೇಕಲ್ಲ, ಅದಕ್ಕೆ ಅರ್ಧ ಕಪ್ ಐಸಿಂಗ್ ಶುಗರಿಗೆ ಎರಡು ಟೀ ಚಮಚ ಹಾಲು, ಹನಿ ಗುಲಾಬಿ. ಹದ ನೋಡಲು ಸ್ಟೀಲ್ ಲೋಟ ಬೋರಲು ಹಾಕಿ ಅಂಚಿಗೆ ಒಂದು ಹನಿ ಬಿಡಿ. ಅರ್ಧ ಲೋಟಕ್ಕೆ ಇಳಿದು ನಿಂತರೆ ಸರಿ. ತಳ ಮುಟ್ಟಿದರೆ ಸಕ್ಕರೆ ಕೂಡಿಸಿ, ಅಲುಗದಿದ್ದರೆ ಹಾಲಿನ ಹನಿ ಕೂಡಿಸಿ. ಇದನ್ನು ತಣ್ಣನೆಯ ಕೇಕಿನ ಅಂಚಿಗೆ ಅಲ್ಲಲ್ಲಿ ಬಿಡುವುದು, ಅದೂ ಕತ್ತರಿಸುವ ಅರ್ಧ ಗಂಟೆ ಮೊದಲು. ಬೇಗ ಬಿಟ್ಟರೆ ನೀರೊಡೆಯುತ್ತದೆ.

ಮೇಲೆ ಬಂಡಿ ಇಡದೆ ನಮ್ಮ ಊರಿನ ಕೇಕ್ ಆಗುವುದಿಲ್ಲ. ಐಸ್‌ಕ್ರೀಮಿನ ಕೋನ್ ಕಪ್ ಅಡ್ಡ ಮಲಗಿಸಿದರೆ ಬ್ಯಾರಲ್, ಎರಡು ಬದಿಗೆ ಚಾಕೊಲೇಟ್ ಕ್ರೀಮ್ ಬಿಸ್ಕಿಟ್ಟು ಗಾಲಿ, ಬಾಯಿಯಿಂದ ಉಳಿದ ಗುಲಾಬಿ ಕ್ರೀಮು ಹೊರಗೆ ಚೆಲ್ಲಿದಂತೆ. ಪಕ್ಕದಲ್ಲಿ ಮಾರಿ ಬಿಸ್ಕಿಟ್ಟು, ಅದು ಹಲಗಿ. ಸಂಕ್ರಮಣದ ಕುಸುರೆಳ್ಳು ಡಬ್ಬದ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ ನೋಡಿ, ಅದನ್ನು ಉದುರಿಸಿ. ಪೇಟೆಯ ಸ್ಪ್ರಿಂಕಲ್ಸಿಗಿಂತ ಚೆಂದ ಕಾಣುತ್ತದೆ, ಕಚ್ಚಿದರೆ ಎಳ್ಳು ಸಿಗುತ್ತದೆ. ಬಿಸ್ಕಿಟ್ಟೂ ಕುಸುರೆಳ್ಳೂ ಎಲ್ಲಕ್ಕಿಂತ ಕೊನೆಗೆ, ಮೊದಲೇ ಇಟ್ಟರೆ ಫ್ರಿಜ್ಜಿನ ತೇವಕ್ಕೆ ಮೆತ್ತಗಾಗಿ ಬಣ್ಣ ಬಿಡುತ್ತವೆ.

ಹಾಡು ಮುಗಿದು ಕತ್ತರಿಸುವವರೆಗೆ ಹೊರಗೆ ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ. ಉಳಿದದ್ದು ಫ್ರಿಜ್ಜಿನಲ್ಲಿ ಎರಡು ದಿನ. ನೀಲಿ ತಿಂದ ನಾಲಿಗೆ ರಾತ್ರಿವರೆಗೆ ನೀಲಿಯೇ, ಅವ್ವ "ತತ್ತಿ ಇಲ್ಲ ಹೌದಲ್ಲೋ?" ಅಂತ ಮೂರು ಸಲ ಕೇಳಿ ಎರಡು ತುಂಡು ತಿಂದು, ಓಣಿಯವರ ಜೊತೆ ಮಾತಾಡಲು ಹೋಗಿ ಸಿಕ್ಕಿಬಿದ್ದಿದ್ದಳು. ಕತ್ತರಿಸಿ ತೆಗೆದ ಉಬ್ಬನ್ನು ಎಸೆಯಬೇಡಿ, ಹಾಲಿನಲ್ಲಿ ಅದ್ದಿ ಮುಂಜಾನೆ ತಿನ್ನಲು ಬರುತ್ತದೆ.

ಬ್ರಶ್ ತೊಳೆದು ಕೇಕಿನ ಸಾಮಾನಿನ ಡಬ್ಬದಲ್ಲೇ ಇಡಿ, ಮೇಲೆ "ಕೇಕ್" ಅಂತ ಬರೆದಿಡಿ. ಊರಿಗೆಲ್ಲ ಬೋರ್ಡ್ ಬರೆಯುವ ನಾನು ಅದೊಂದನ್ನು ಬರೆಯದೆ ಬಿಟ್ಟ ವರ್ಷ, ಅವ್ವ ಅದರಿಂದ ಹುಣಸೆಹಣ್ಣು ಹಾಕಿ ದೇವರ ದೀಪದ ಸಮೆ ತಿಕ್ಕಿದ್ದಳು.